ಮುಲ್ಲರ್ ಎಂಬ ಜರ್ಮನ್ ಮನೆತನದ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಗೆ ಓದಲು ಹೋದ ಹುಡುಗರು, ಅಲ್ಲಿ ಕೆಲಸಕ್ಕಿರುವ ಗೆಳೆಯರು, ಮಂಗಳೂರಿನ ಪರಿಚಯದವರು ಮಾತಿನ ಮಧ್ಯೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಮಾತಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಆಳದವು ಆಮೇಲೆ. ಯಾವುದನ್ನಾದರೂ ಮೊದಲು ಓದಬಹುದು.

## ಶುರುವಿನ ಪ್ರಶ್ನೆಗಳು

ಮುಲ್ಲರ್ ಅಂದ್ರೆ ಏನ್ ಅರ್ಥ?

ಹಿಟ್ಟಿನ ಗಿರಣಿ ನಡೆಸುವವನು. ಅಷ್ಟೇ. ಗಿರಣಿಗೆ ಲ್ಯಾಟಿನ್‌ನಲ್ಲಿ ಮೊಲೀನಾ, ಗಿರಣಿಯವನಿಗೆ ಮೊಲಿನಾರಿಯುಸ್ ಎನ್ನುತ್ತಿದ್ದರು. ನೀರಿನ ಗಿರಣಿಯ ತಂತ್ರ ರೋಮನ್ನರಿಂದ ಜರ್ಮನ್ನರ ಕಡೆಗೆ ಬಂತು, ಹೆಸರೂ ಅದರ ಜೊತೆಗೇ ಬಂತು. ಹಳೆಯ ಜರ್ಮನ್‌ನಲ್ಲಿ ಅದು ಮುಲಿನಾರಿ ಆಯಿತು. ಮಧ್ಯಯುಗದಲ್ಲಿ ಸವೆದು ಮುಲ್ನರ್ ಆಯಿತು, ಕೊನೆಗೆ ಮುಲ್ಲರ್ ಎಂದು ನಿಂತಿತು. ಮಧ್ಯದ 'ನ' ಕೆಲವು ಕಡೆ ಉಳಿದುಕೊಂಡಿದೆ. ಆಸ್ಟ್ರಿಯಾ, ಬವೇರಿಯಾ ಕಡೆ ಮುಲ್ನರ್ ಎಂಬ ಸರ್‌ನೇಮ್ ಈಗಲೂ ಕಾಣುತ್ತದೆ.

ಮುಲ್ಲರ್, ಮ್ಯೂಲರ್, ಮುಯೆಲ್ಲರ್... ಯಾವುದು ಸರಿ?

ಜರ್ಮನ್‌ನಲ್ಲಿ ಈ ಹೆಸರಿನ 'ಯು' ಅಕ್ಷರದ ಮೇಲೆ ಎರಡು ಚುಕ್ಕಿ ಇರುತ್ತದೆ (Müller). ಕನ್ನಡದಲ್ಲಿ ಆ ಸ್ವರವೇ ಇಲ್ಲ, ಹಾಗಾಗಿ ನೂರಕ್ಕೆ ನೂರು ಸರಿಯಾಗಿ ಬರೆಯಲು ಆಗುವುದಿಲ್ಲ. ತುಟಿಯನ್ನು 'ಉ' ಹೇಳುವ ಹಾಗೆ ದುಂಡಗೆ ಇಟ್ಟುಕೊಳ್ಳಿ, ಬಾಯೊಳಗೆ 'ಇ' ಹೇಳಿ. ಆಗ ಬರುವ ಸದ್ದೇ ಅದು. ಎಳೆಯಬೇಡಿ, ಚಿಕ್ಕದಾಗಿರಲಿ. ಕೊನೆಯ 'ರ್' ಕೂಡ ಗಟ್ಟಿಯಾಗಿ ಕೇಳಿಸುವುದಿಲ್ಲ, 'ಅ'ಗೆ ಹತ್ತಿರ ಇರುತ್ತದೆ. 'ಮ್ಯೂಲರ್' ಎಂದು ಎಳೆದು ಹೇಳಿದರೆ ಜರ್ಮನ್ನರಿಗೆ ಅರ್ಥವಾಗುತ್ತದೆ, ಆದರೆ ಬೇರೆ ಊರಿನವರು ಎಂದು ತಕ್ಷಣ ಗೊತ್ತಾಗುತ್ತದೆ. ಕನ್ನಡದಲ್ಲಿ ಮುಲ್ಲರ್ ಎಂದು ಬರೆಯುವ ರೂಢಿ ಇರುವುದರಿಂದ ನಾನೂ ಇಲ್ಲಿ ಅದನ್ನೇ ಬಳಸಿದ್ದೇನೆ.

ಜರ್ಮನಿಯಲ್ಲಿ ನಿಜವಾಗ್ಲೂ ಇದೇ ನಂಬರ್ ಒನ್ ಹೆಸರಾ?

ಹೌದು. ಸುಮಾರು ನೂರು ಜನರಲ್ಲಿ ಒಬ್ಬರು ಮುಲ್ಲರ್. ಒಟ್ಟು ಸುಮಾರು 7 ಲಕ್ಷ ಜನ ಎಂಬ ಅಂದಾಜಿದೆ. ಆಮೇಲಿನ ಸಾಲು ನೋಡಿ: ಶ್ಮಿಟ್ ಅಂದರೆ ಕಮ್ಮಾರ, ಶ್ನೈಡರ್ ಅಂದರೆ ದರ್ಜಿ, ಫಿಶರ್ ಮೀನುಗಾರ, ವೇಬರ್ ನೇಕಾರ, ಮೇಯರ್ ಜಮೀನು ನೋಡಿಕೊಳ್ಳುವವನು, ವಾಗ್ನರ್ ಗಾಡಿ ಮಾಡುವವನು, ಬೆಕರ್ ಬ್ರೆಡ್ ಸುಡುವವನು. ಮೊದಲ ಹತ್ತು ಹೆಸರುಗಳೂ ಕಸುಬಿನವು, ಇಲ್ಲವೇ ಊರಿನ ಯಾವುದಾದರೂ ಹುದ್ದೆಯವು.

ಒಂದು ತಕರಾರು ಇದೆ, ಅದು ನ್ಯಾಯವಾದದ್ದೇ. ಶ್ಮಿಟ್ ಹೆಸರನ್ನು ನಾಲ್ಕೈದು ಥರ ಬರೆಯುತ್ತಾರೆ. ಕಲೋನ್ ಕಡೆಯ ಶ್ಮಿಟ್ಸ್ ಕೂಡ ಅದೇ ಗುಂಪು. ಎಲ್ಲವನ್ನೂ ಕೂಡಿಸಿದರೆ ಕಮ್ಮಾರರೇ ಮುಂದೆ ಹೋಗುತ್ತಾರೆ. ಮುಲ್ಲರ್ ಮೊದಲ ಸ್ಥಾನದಲ್ಲಿರುವುದಕ್ಕೆ ಅದರ ಕಾಗುಣಿತ ಹೆಚ್ಚು ಒಡೆಯದೆ ಉಳಿದದ್ದೂ ಒಂದು ಕಾರಣ.

ಮ್ಯಾಕ್ಸ್ ಮುಲ್ಲರ್ ಮತ್ತೆ ಕಂಕನಾಡಿಯ ಫಾದರ್ ಮುಲ್ಲರ್ ಸಂಬಂಧಿಕರಾ?

ಅಲ್ಲ. ಮಂಗಳೂರಿನವರು ಇದನ್ನು ಕೇಳದೇ ಬಿಡುವುದಿಲ್ಲ. ಋಗ್ವೇದವನ್ನು ಸಾಯಣ ಭಾಷ್ಯದ ಜೊತೆ ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್ 1823ರಲ್ಲಿ ಡೆಸಾವ್ ಎಂಬ ಊರಿನಲ್ಲಿ ಹುಟ್ಟಿದವರು. ದುಡಿದದ್ದು ಆಕ್ಸ್‌ಫರ್ಡ್‌ನಲ್ಲಿ, ತೀರಿಕೊಂಡದ್ದು 1900ರಲ್ಲಿ ಅಲ್ಲೇ. ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಫಾದರ್ ಆಗಸ್ಟಸ್ ಮುಲ್ಲರ್ ಜರ್ಮನಿಯಿಂದ ಬಂದ ಜೆಸ್ಯೂಟ್ ಪಾದ್ರಿ. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು, ಕುಷ್ಠರೋಗಿಗಳನ್ನು ನೋಡಿಕೊಂಡರು. ಅದೇ ಬೆಳೆದು ಈಗಿನ ದೊಡ್ಡ ಆಸ್ಪತ್ರೆ ಆಗಿದೆ. ಇಬ್ಬರ ಹಿಂದೆಯೂ ಎಲ್ಲೋ ಒಬ್ಬೊಬ್ಬ ಗಿರಣಿಯವನು ಇದ್ದಿರಬೇಕು, ಆದರೆ ಅವರು ಬೇರೆ ಬೇರೆ ಊರಿನ ಬೇರೆ ಬೇರೆ ಗಿರಣಿಯವರು.

ಫುಟ್‌ಬಾಲ್ ನೋಡುವವರು ಗೆರ್ಡ್ ಮುಲ್ಲರ್, ಥಾಮಸ್ ಮುಲ್ಲರ್ ಬಗ್ಗೆ ಇದನ್ನೇ ಕೇಳುತ್ತಾರೆ. ಇಬ್ಬರೂ ಬಯರ್ನ್ ಮ್ಯೂನಿಕ್ ಪರ ಆಡಿದವರು, ಇಬ್ಬರೂ ವಿಶ್ವಕಪ್ ಗೆದ್ದವರು, ಆದರೆ ನೆಂಟರಲ್ಲ.

## ಹೆಸರು ಹುಟ್ಟಿದ ಬಗೆ

ಆಗ ರೈತರೇ ಜಾಸ್ತಿ ಇದ್ರು ಅಲ್ವಾ? ಮತ್ತೆ ಗಿರಣಿಯವನ ಹೆಸರು ಹೇಗೆ ಮೊದಲು ಬಂತು?

ಇದು ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ. ಇದರ ಉತ್ತರ ಹಿಡಿದರೆ ಕಸುಬಿನ ಹೆಸರುಗಳ ಕಥೆಯೆಲ್ಲ ಬಿಚ್ಚಿಕೊಳ್ಳುತ್ತದೆ.

ಸರ್‌ನೇಮ್ ಹುಟ್ಟಿದ್ದು ಗುರುತು ಹಿಡಿಯುವುದಕ್ಕೆ. ಮೂವತ್ತು ಮನೆಯ ಊರು ಎಂದುಕೊಳ್ಳಿ. ಇಪ್ಪತ್ತೈದು ಮನೆಯವರು ರೈತರು. ಅವರಲ್ಲಿ ಆರು ಜನರ ಹೆಸರು ಹಾನ್ಸ್. 'ರೈತ ಹಾನ್ಸ್' ಎಂದರೆ ಯಾರು ಅಂತ ತಿಳಿಯಬೇಕು? ಏನೂ ಗೊತ್ತಾಗುವುದಿಲ್ಲ. 'ಗಿರಣಿ ಹಾನ್ಸ್' ಎಂದರೆ ಮಗುವೂ ಕೈ ತೋರಿಸುತ್ತದೆ, ಏಕೆಂದರೆ ಊರಿಗೆ ಇರುವುದು ಒಂದೇ ಗಿರಣಿ, ಕೆಲವೊಮ್ಮೆ ನಾಲ್ಕಾರು ಊರಿಗೆ ಒಂದು. ಹಾಗಾಗಿ ಎಷ್ಟು ಜನ ಆ ಕೆಲಸ ಮಾಡುತ್ತಿದ್ದರು ಎನ್ನುವುದಕ್ಕಿಂತ, ಎಷ್ಟು ಊರುಗಳಲ್ಲಿ ಅಂಥವನು ಒಬ್ಬನೇ ಇದ್ದ ಎನ್ನುವುದು ಮುಖ್ಯ. ಗಿರಣಿ ಇಲ್ಲದ ಸೀಮೆ ಇರಲಿಲ್ಲ. ಒಂದೇ ಕಡೆ ಹತ್ತು ಗಿರಣಿಯೂ ಇರಲಿಲ್ಲ. ಕಮ್ಮಾರನದ್ದೂ ಇದೇ ಲೆಕ್ಕ. ಮೊದಲ ಎರಡು ಸ್ಥಾನ ಇವರಿಬ್ಬರಿಗೆ ಸಿಕ್ಕಿದ್ದು ಆಕಸ್ಮಿಕವಲ್ಲ.

ರೈತ ಎಂಬ ಅರ್ಥದ ಬವರ್ ಎಂಬ ಸರ್‌ನೇಮೂ ಇದೆ, ಕಡಿಮೆ ಏನಿಲ್ಲ. ಆದರೆ ರೈತರ ಸಂಖ್ಯೆಗೆ ಹೋಲಿಸಿದರೆ ತೀರಾ ಕಮ್ಮಿ.

ಈ ಸರ್‌ನೇಮ್ ಪದ್ಧತಿ ಯಾವಾಗ ಶುರುವಾಯ್ತು?

ಸುಮಾರು 12ನೇ ಶತಮಾನದಿಂದ, ದಕ್ಷಿಣ ಮತ್ತು ಪಶ್ಚಿಮದ ಪಟ್ಟಣಗಳಲ್ಲಿ ಮೊದಲು. ಪಟ್ಟಣ ಬೆಳೆಯಿತು, ತೆರಿಗೆ ಪಟ್ಟಿ, ಆಸ್ತಿ ಪತ್ರ ಬರೆಯುವುದು ಹೆಚ್ಚಾಯಿತು, ಒಂದೇ ಹೆಸರು ಸಾಕಾಗಲಿಲ್ಲ. 15ನೇ ಶತಮಾನದ ಹೊತ್ತಿಗೆ ಹೆಚ್ಚು ಕಡಿಮೆ ಎಲ್ಲ ಕಡೆ ಹರಡಿತ್ತು. ಉತ್ತರದ ಕಡಲ ತೀರದ ಫ್ರೀಸಿಯಾದಲ್ಲಿ ಮಾತ್ರ ಅಪ್ಪನ ಹೆಸರನ್ನೇ ಮುಂದೆ ಸೇರಿಸುವ ರೂಢಿ ಬಹಳ ಕಾಲ ನಡೆಯಿತು. ಅಲ್ಲಿ 1811ರಲ್ಲಿ ನೆಪೋಲಿಯನ್‌ನ ಆಜ್ಞೆ ಬಂದ ಮೇಲೆ ಸರ್‌ನೇಮ್ ಕಡ್ಡಾಯವಾಯಿತು. ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಸರ್ಕಾರಿ ನೋಂದಣಿ ಕಚೇರಿಗಳು ಕೆಲಸ ಶುರು ಮಾಡಿದ್ದು 1876ರ ಜನವರಿ 1ರಂದು. ಅಲ್ಲಿಗೆ ಕಾಗುಣಿತವೂ ಗಟ್ಟಿಯಾಯಿತು.

ಒಂದು ಗಿರಣಿ ಅಂದ್ರೆ ಅಷ್ಟೊಂದು ದೊಡ್ಡ ವಿಷಯನಾ?

ಬಹಳ ದೊಡ್ಡದು. ಗಿರಣಿ ನಿಂತರೆ ಊರಿಗೆ ಬ್ರೆಡ್ ಇಲ್ಲ. 13ನೇ ಶತಮಾನದ ಮೊದಲರ್ಧದಲ್ಲಿ ಐಕೆ ಫಾನ್ ರೆಪ್‌ಗೋ ಎಂಬಾತ ಬರೆದಿಟ್ಟ 'ಸಾಕ್ಸನ್‌ಶ್ಪೀಗೆಲ್' ಎಂಬ ಕಾನೂನು ಪುಸ್ತಕದಲ್ಲಿ ನೇಗಿಲು, ಗಿರಣಿ, ಚರ್ಚು, ಚರ್ಚಿನ ಅಂಗಳ ಇವನ್ನು ದೋಚಿದವನಿಗೆ ಗಾಲಿಗೆ ಹಾಕಿ ಕೊಲ್ಲುವ ಶಿಕ್ಷೆ ಹೇಳಿದೆ. ಗಿರಣಿಯನ್ನು ಚರ್ಚಿನ ಸಾಲಿನಲ್ಲಿ ಇಟ್ಟಿದ್ದಾರೆ, ಗಮನಿಸಿ. 'ಮೊದಲು ಬಂದವನು ಮೊದಲು ಬೀಸಿಕೊಳ್ಳಲಿ' ಎಂಬ ನಿಯಮ ಇರುವುದೂ ಅದೇ ಪುಸ್ತಕದಲ್ಲಿ. ಜರ್ಮನ್ನರು ಇವತ್ತಿಗೂ ಕ್ಯೂ ನಿಂತಾಗ ಆ ಗಾದೆ ಹೇಳುತ್ತಾರೆ.

ಬೇಕಾದ ಕಡೆ ಕಾಳು ಬೀಸಿಸುವ ಸ್ವಾತಂತ್ರ್ಯವೂ ರೈತನಿಗೆ ಹಲವು ಕಡೆ ಇರಲಿಲ್ಲ. ಒಡೆಯ ಹೇಳಿದ ಗಿರಣಿಗೇ ಹೋಗಬೇಕು. ಆಗಿನ ದೊಡ್ಡ ಜರ್ಮನ್ ರಾಜ್ಯವಾದ ಪ್ರಷ್ಯಾದಲ್ಲಿ ಈ ಕಟ್ಟಳೆ ತೆಗೆದದ್ದು 1810ರಲ್ಲಿ. ಒಂದು ಸೀಮೆಗೆ ಒಂದೇ ಗಿರಣಿ ಉಳಿಯಲು, ಆ ಒಬ್ಬನೇ ಎದ್ದು ಕಾಣಲು ಇದೂ ಕಾರಣ.

ಇನ್ನು ನೀರು. 1779ರಲ್ಲಿ ಕ್ರಿಸ್ಟಿಯಾನ್ ಆರ್ನೋಲ್ಡ್ ಎಂಬ ಗಿರಣಿಯವನ ಜಗಳ ಪ್ರಷ್ಯಾದ ರಾಜ ಎರಡನೇ ಫ್ರೀಡ್‌ರಿಶ್‌ವರೆಗೂ ಹೋಯಿತು. ಮೇಲಿನ ಕಡೆಯ ಜಮೀನ್ದಾರ ಹಳ್ಳದ ನೀರು ತಿರುಗಿಸಿ ಮೀನಿನ ಕೆರೆ ಮಾಡಿಕೊಂಡ. ಚಕ್ರ ತಿರುಗಲು ನೀರಿಲ್ಲ, ಹಾಗಾಗಿ ಗೇಣಿ ಕಟ್ಟಲು ಆಗುವುದಿಲ್ಲ ಎಂದು ಆರ್ನೋಲ್ಡ್ ವಾದಿಸಿದ. ಗಿರಣಿ ಹರಾಜಾಯಿತು, ನ್ಯಾಯಾಲಯಗಳಲ್ಲೂ ಅವನು ಸೋತ. ರಾಜ ಸಿಟ್ಟಾಗಿ ತೀರ್ಪು ಕೊಟ್ಟ ನ್ಯಾಯಾಧೀಶರನ್ನೇ ಸೆರೆಗೆ ಹಾಕಿಸಿದ. ರಾಜ ಹೀಗೆ ಕೈ ಹಾಕಿದ್ದು ಸರಿಯಾ ಎಂದು ಕಾನೂನು ಓದುವವರು ಇನ್ನೂ ಚರ್ಚೆ ಮಾಡುತ್ತಾರೆ. ನನ್ನ ಮಟ್ಟಿಗೆ, ನೀರಿಲ್ಲದ ಗಿರಣಿಗೆ ಗೇಣಿ ಕೇಳಿದ್ದೇ ದೊಡ್ಡ ಅನ್ಯಾಯ.

ಗಿರಣಿಯವರನ್ನು ಕೀಳಾಗಿ ನೋಡ್ತಿದ್ರಂತೆ, ನಿಜಾನಾ?

ಹಲವು ಸೀಮೆಗಳಲ್ಲಿ ನಿಜ. ಗಿರಣಿಯವನಿಗೆ ಕೂಲಿ ಹಣದಲ್ಲಿ ಅಲ್ಲ, ಕಾಳಿನಲ್ಲಿ. ಪ್ರಷ್ಯಾದ ಅಳತೆಯಲ್ಲಿ ಒಂದು ಶೆಫೆಲ್‌ಗೆ 16 ಮೆಟ್ಸೆ. ಅದರಲ್ಲಿ ಒಂದು ಮೆಟ್ಸೆಯನ್ನು ಗಿರಣಿಯವನು ತನ್ನ ಪಾಲಿಗೆ ತೆಗೆದುಕೊಳ್ಳುತ್ತಿದ್ದ. ಅಳೆಯುವವನೂ ಅವನೇ, ತೆಗೆದುಕೊಳ್ಳುವವನೂ ಅವನೇ. ಬೀಸುವಾಗ ಹಿಟ್ಟು ಹಾರಿ ತೂಕ ಕಮ್ಮಿ ಬಂದರೂ ಅನುಮಾನ ಅವನ ಮೇಲೇ. ಮೇಲಾಗಿ ಗಿರಣಿ ಇರುತ್ತಿದ್ದದ್ದು ಊರಾಚೆ, ಹಳ್ಳದ ದಡದಲ್ಲಿ. ರಾತ್ರಿಯೂ ಕೆಲಸ. ಜನ ಕಥೆ ಕಟ್ಟಲು ಇಷ್ಟು ಸಾಕಾಗಿತ್ತು.

ಇದರ ಪೆಟ್ಟು ಮಕ್ಕಳಿಗೆ ಬಿತ್ತು. ಪಟ್ಟಣದ ಕಸುಬುದಾರರ ಸಂಘಗಳು ಗಿರಣಿಯವನ ಮಗನನ್ನು ಸೇರಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಆಗಿನ ಪವಿತ್ರ ರೋಮನ್ ಸಾಮ್ರಾಜ್ಯದ 1548ರ ಕಟ್ಟಳೆ ಇದನ್ನು ಹೆಸರು ಹಿಡಿದು ತಡೆಯಿತು. ನಾರುಬಟ್ಟೆ ನೇಯುವವರು, ಕ್ಷೌರಿಕರು, ಕುರಿಗಾಹಿಗಳು, ಗಿರಣಿಯವರು, ಸುಂಕದವರು, ಕೊಳಲೂದುವವರು, ಇವರ ಮಕ್ಕಳನ್ನು ದೂರ ಇಡಬಾರದು ಎಂದಿತು. ಸಂಘಗಳು ಸುಲಭಕ್ಕೆ ಬಗ್ಗಲಿಲ್ಲ, ಆಮೇಲೂ ಅದೇ ಮಾತನ್ನು ಮತ್ತೆ ಮತ್ತೆ ಹೇಳಬೇಕಾಯಿತು.

ಹಾಗಾದ್ರೆ ಇದು ನಮ್ಮ ಬಡಿಗೇರ, ಕಂಬಾರ, ಪತ್ತಾರ ಇದ್ದ ಹಾಗೇನಾ?

ಕಸುಬಿನಿಂದ ಹೆಸರು ಬಂತು ಎನ್ನುವಷ್ಟಕ್ಕೆ ಹೌದು. ಅದರಾಚೆ ಅಲ್ಲ. ನಮ್ಮಲ್ಲಿ ಆ ಹೆಸರು ಕೇಳಿದರೆ ಜನ ಹುಟ್ಟಿದ ಜಾತಿಯನ್ನು ಊಹಿಸುತ್ತಾರೆ. ಜರ್ಮನಿಯಲ್ಲಿ ಗಿರಣಿಯವನ ಮೊಮ್ಮಗ ಬಡಗಿ ಆದ, ಅವನ ಮಗ ಪಾದ್ರಿ ಆದ, ಹೆಸರು ಮಾತ್ರ ಮುಲ್ಲರ್ ಎಂದೇ ಉಳಿಯಿತು. ಇವತ್ತು ಮುಲ್ಲರ್ ಎಂಬ ಹೆಸರು ಕೇಳಿ ಯಾರೂ ಏನನ್ನೂ ಊಹಿಸುವುದಿಲ್ಲ. ಸಾಮಾನ್ಯ ಮನುಷ್ಯ ಎನ್ನಲು 'ಲೀಸ್‌ಶೆನ್ ಮುಲ್ಲರ್' ಎಂಬ ಮಾತೇ ಬಳಕೆಯಲ್ಲಿದೆ. ಇನ್ನೂ ಹತ್ತಿರದ ಜೋಡಿ ಬೇಕಾದರೆ ಶುಲ್ಟ್ಸ್ ಹೆಸರನ್ನು ನೋಡಿ. ಅದು ಊರಿನ ಯಜಮಾನನ ಹುದ್ದೆ, ನಮ್ಮ ಗೌಡ, ಪಾಟೀಲರ ಥರ.

## ಹರಡಿದ ಬಗೆ

ಮೋಲರ್, ಮಿಲ್ಲರ್, ಮೊಲಿಟರ್, ಮ್ಯುಲ್ಡರ್... ಎಲ್ಲ ಒಂದೇನಾ?

ಮೂಲ ಅರ್ಥ ಒಂದೇ. ಜರ್ಮನಿಯ ಉತ್ತರದಲ್ಲಿ, ಕಡಲಿನ ಕಡೆಯ ಮಾತಿನಲ್ಲಿ ಮೋಲರ್. ಡೆನ್ಮಾರ್ಕ್‌ನಲ್ಲೂ ಹೀಗೆಯೇ. ಆಗ್ಸ್‌ಬರ್ಗ್ ಸುತ್ತಿನ ದಕ್ಷಿಣದವರು ದುಂಡು ಸ್ವರ ಬಿಟ್ಟು ಮಿಲ್ಲರ್ ಎನ್ನುತ್ತಾರೆ. ಇದು ಇಂಗ್ಲಿಷಿನಿಂದ ಬಂದದ್ದಲ್ಲ, ಅಲ್ಲಿನ ಮಾತೇ ಹಾಗೆ. ಡಚ್ಚರಲ್ಲಿ ಮ್ಯುಲ್ಡರ್. 16ನೇ ಶತಮಾನದ ಹೊತ್ತಿಗೆ ಓದಿದವರಲ್ಲಿ ಹೆಸರನ್ನು ಲ್ಯಾಟಿನ್‌ಗೆ ತಿರುಗಿಸಿಕೊಳ್ಳುವ ಖಯಾಲಿ ಇತ್ತು, ಹಾಗೆ ಬಂದವು ಮೊಲಿಟರ್ ಮತ್ತು ಮಿಲಿಯುಸ್.

ಗಡಿ ದಾಟಿದರೂ ಗಿರಣಿಯವನು ಸಿಗುತ್ತಾನೆ. ಫ್ರಾನ್ಸಿನ ಮ್ಯೂನಿಯೇ, ಇಟಲಿಯ ಮೊಲಿನಾರಿ, ಹಂಗೇರಿಯ ಮೊಲ್ನಾರ್, ರಷ್ಯಾದ ಮೆಲ್ನಿಕೋವ್. ಉಕ್ರೇನ್‌ನಲ್ಲಿ ಮೆಲ್ನಿಕ್ ಅತಿ ಹೆಚ್ಚು ಜನರಿಗಿರುವ ಹೆಸರುಗಳಲ್ಲಿ ಒಂದು.

ಒಬರ್‌ಮುಲ್ಲರ್, ಲೋಮುಲ್ಲರ್ ಅಂತ ಉದ್ದುದ್ದ ಹೆಸರು ಯಾಕೆ?

ಒಂದೇ ಹಳ್ಳದ ಮೇಲೆ ಎರಡು ಗಿರಣಿ ಇದ್ದರೆ ಬರೀ ಮುಲ್ಲರ್ ಸಾಕಾಗುವುದಿಲ್ಲ. ಮೇಲಿನವನು ಒಬರ್‌ಮುಲ್ಲರ್, ಕೆಳಗಿನವನು ನೀಡರ್‌ಮುಲ್ಲರ್, ಹೊಸದಾಗಿ ಕಟ್ಟಿದವನು ನೊಯ್‌ಮುಲ್ಲರ್. ಎಲ್ಲ ಗಿರಣಿಯೂ ಹಿಟ್ಟಿನದ್ದಲ್ಲ. ಮರ ಕೊಯ್ಯುವವನು ಸೇಗ್‌ಮುಲ್ಲರ್, ಎಣ್ಣೆ ತೆಗೆಯುವವನು ಓಲ್‌ಮುಲ್ಲರ್, ಚರ್ಮ ಹದ ಮಾಡಲು ಬೇಕಾದ ಓಕ್ ತೊಗಟೆಯನ್ನು ಪುಡಿ ಮಾಡುವವನು ಲೋಮುಲ್ಲರ್. ಗಾಳಿಗಿರಣಿಯವನು ವಿಂಡ್‌ಮುಲ್ಲರ್. ಈ ಉದ್ದ ಹೆಸರುಗಳನ್ನು ಸುಮ್ನೆ ಓದುತ್ತಾ ಹೋದರೆ ಸಾಕು, ಹಳೆಯ ಹಳ್ಳದ ದಂಡೆಯ ಉದ್ಯಮಗಳೆಲ್ಲ ಕಣ್ಣೆದುರು ಬರುತ್ತವೆ.

ಮುಲ್ಲರ್‌ಗಳು ಯಾವ ಕಡೆ ಜಾಸ್ತಿ?

ಜರ್ಮನಿಯ ನಡುಭಾಗ ಮತ್ತು ಪಶ್ಚಿಮದಲ್ಲಿ ದಟ್ಟ. ಸಾರ್‌ಲಾಂಡ್, ರೈನ್‌ಲಾಂಡ್-ಫಾಲ್ಟ್ಸ್, ಹೆಸೆನ್, ಥ್ಯೂರಿಂಗಿಯಾ. ಸ್ವಿಟ್ಜರ್‌ಲೆಂಡ್‌ನಲ್ಲೂ ಇದೇ ಮೊದಲ ಹೆಸರು. ಆಸ್ಟ್ರಿಯಾದಲ್ಲಿ ಗ್ರೂಬರ್, ಹೂಬರ್ ಮುಂದಿದ್ದಾರೆ, ಆದರೂ ಮುಲ್ಲರ್ ಮೊದಲ ಹತ್ತರಲ್ಲಿದೆ.

ಅಮೆರಿಕದ ಮಿಲ್ಲರ್‌ಗಳೆಲ್ಲ ಜರ್ಮನ್ನರಾ? ಎಲ್ಲಿಸ್ ದ್ವೀಪದಲ್ಲಿ ಹೆಸರು ಬದಲಾಯಿಸಿದ್ರಂತೆ?

ಎಲ್ಲರೂ ಅಲ್ಲ, ಇಂಗ್ಲೆಂಡ್, ಸ್ಕಾಟ್ಲೆಂಡ್‌ನಿಂದ ಬಂದ ಮಿಲ್ಲರ್‌ಗಳೂ ಬಹಳ ಇದ್ದಾರೆ. ಆದರೆ 2010ರ ಜನಗಣತಿಯಲ್ಲಿ ಅಮೆರಿಕದ 7ನೇ ದೊಡ್ಡ ಸರ್‌ನೇಮ್ ಆಗುವಷ್ಟು ಅದು ಬೆಳೆದಿರುವುದರಲ್ಲಿ ಜರ್ಮನ್ ಮುಲ್ಲರ್‌ಗಳ ಪಾಲು ದೊಡ್ಡದು. ಓಹಾಯೋ, ಇಂಡಿಯಾನಾದಲ್ಲಿ ಹಳೇ ರೀತಿಯಲ್ಲೇ ಬಾಳುವ ಆಮಿಶ್ ಎಂಬ ಕ್ರೈಸ್ತ ಪಂಗಡದವರಲ್ಲಿ ಮಿಲ್ಲರ್ ತುಂಬಾ ಸಾಮಾನ್ಯ.

ಎಲ್ಲಿಸ್ ದ್ವೀಪ ಅಂದರೆ ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಕೇಂದ್ರ. ಅಲ್ಲಿನ ಕಥೆ ಮಾತ್ರ ಸುಳ್ಳು. ಅಲ್ಲಿನ ಅಧಿಕಾರಿಗಳು ಹೆಸರು ಬರೆದುಕೊಳ್ಳುತ್ತಲೇ ಇರಲಿಲ್ಲ, ಹಡಗಿನವರು ಬ್ರೆಮೆನ್ ಅಥವಾ ಹ್ಯಾಂಬರ್ಗ್‌ನಲ್ಲಿ ಹತ್ತಿಸಿಕೊಳ್ಳುವಾಗ ಮಾಡಿದ ಪಟ್ಟಿಯನ್ನು ಹಿಡಿದು ತಾಳೆ ನೋಡುತ್ತಿದ್ದರು. ಇನ್ನೊಂದು, ಆ ಕೇಂದ್ರ ತೆರೆದದ್ದೇ 1892ರಲ್ಲಿ. ಜರ್ಮನ್ನರ ದೊಡ್ಡ ಅಲೆ ಅಷ್ಟು ಹೊತ್ತಿಗೆ ಬಂದಾಗಿತ್ತು. ಹೆಸರು ಬದಲಾದದ್ದು ಆಮೇಲೆ, ಅಂಗಡಿ, ಶಾಲೆ, ಚರ್ಚುಗಳಲ್ಲಿ, ನಿಧಾನವಾಗಿ. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದಾಗ ಜರ್ಮನ್ ಹೆಸರಿಟ್ಟುಕೊಂಡವರಿಗೆ ಕಷ್ಟವಾಯಿತು, ಆಗ ಉಳಿದ ಕೆಲವರೂ ಬದಲಾಯಿಸಿಕೊಂಡರು.

## ಆಳಕ್ಕೆ ಇಳಿದವರು ಕೇಳುವುದು

ಇಷ್ಟೊಂದು ಮುಲ್ಲರ್‌ಗಳಿದ್ರೆ ಗೊಂದಲ ಆಗಲ್ವಾ?

ಆಗುತ್ತದೆ, ಅದಕ್ಕೆ ಅವರು ದಾರಿಯನ್ನೂ ಹುಡುಕಿಕೊಂಡಿದ್ದಾರೆ. ಮ್ಯಾಕ್ಸ್ ಮುಲ್ಲರ್ ಅವರ ಸರ್‌ನೇಮ್ ಬರೀ ಮುಲ್ಲರ್, ಅವರೇ ಮ್ಯಾಕ್ಸ್ ಅನ್ನೂ ಸೇರಿಸಿ ಒಂದೇ ಹೆಸರಿನ ಹಾಗೆ ಬಳಸಿದರು. ದ್ರಾಕ್ಷಿ ವಿಜ್ಞಾನಿ ಹೆರ್ಮಾನ್ ಮುಲ್ಲರ್ ತಾನು ಹುಟ್ಟಿದ ಸ್ವಿಸ್ ಪ್ರಾಂತ್ಯದ ಹೆಸರು ಸೇರಿಸಿ ಮುಲ್ಲರ್-ತುರ್ಗಾವ್ ಆದರು. ಅವರು 1882ರಲ್ಲಿ ಎರಡು ತಳಿ ಬೆರೆಸಿ ಬೆಳೆಸಿದ ದ್ರಾಕ್ಷಿ ತಳಿಗೂ ಅದೇ ಹೆಸರು ನಿಂತಿದೆ. ಇನ್ನೊಬ್ಬ ಹೆರ್ಮಾನ್ ಮುಲ್ಲರ್ ಎರಡು ಸಲ ಜರ್ಮನಿಯ ಚಾನ್ಸೆಲರ್ ಆದವರು, 1920ರಲ್ಲಿ ಮತ್ತು 1928ರಲ್ಲಿ. ಸಂಸತ್ತಿನಲ್ಲಿ ಬೇರೆ ಮುಲ್ಲರ್‌ಗಳೂ ಇದ್ದದ್ದರಿಂದ ಅವರನ್ನು ಮುಲ್ಲರ್-ಫ್ರಾಂಕೆನ್ ಎಂದು ಕರೆಯುತ್ತಿದ್ದರು. 15ನೇ ಶತಮಾನದ ಖಗೋಳ ಪಂಡಿತ ರೆಗಿಯೋಮೊಂಟಾನುಸ್ ಕೂಡ ಹುಟ್ಟಿದ್ದು ಯೊಹಾನೆಸ್ ಮುಲ್ಲರ್ ಆಗಿ. ಅವನ ಊರು ಕ್ಯೋನಿಗ್ಸ್‌ಬರ್ಗ್, ಅದರ ಲ್ಯಾಟಿನ್ ರೂಪವೇ ಆ ಹೆಸರಾಯಿತು. ಇಲ್ಲೆಲ್ಲ ನಡೆದದ್ದು ಒಂದೇ: ಒಂದು ಕಾಲದಲ್ಲಿ ಒಬ್ಬನನ್ನು ಗುರುತಿಸುತ್ತಿದ್ದ ಹೆಸರು ಗುರುತಿಗೆ ಸಾಲದೆ ಹೋಯಿತು, ಹಾಗಾಗಿ ಊರಿನ ಹೆಸರೋ ತಮ್ಮದೇ ಹೆಸರೋ ಅದಕ್ಕೆ ಜೋಡಿಯಾಯಿತು.

ವೀಸಾ ಫಾರ್ಮ್, ಟಿಕೆಟ್‌ನಲ್ಲಿ ಆ ಎರಡು ಚುಕ್ಕಿ ಹಾಕೋದು ಹೇಗೆ?

ಚುಕ್ಕಿ ಇರುವ 'ಯು' ಅಕ್ಷರ ಇಲ್ಲದ ಕಡೆ 'ಯು' ಹಾಕಿ, ಅದರ ಪಕ್ಕ 'ಇ' ಅಕ್ಷರ ಸೇರಿಸಿ. ಚುಕ್ಕಿಯನ್ನು ಸುಮ್ನೆ ಬಿಟ್ಟುಬಿಡಬೇಡಿ. ಜರ್ಮನ್ ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲೂ ಹೆಸರು ಹೀಗೇ ಅಚ್ಚಾಗಿರುತ್ತದೆ. ಜರ್ಮನ್ ಗಂಡ ಅಥವಾ ಹೆಂಡತಿಯ ಹೆಸರು ನಮ್ಮ ದಾಖಲೆಗಳಲ್ಲಿ ಬರುವಾಗ ಎಲ್ಲ ಕಡೆ ಒಂದೇ ರೂಪ ಇರಲಿ, ಮದುವೆ ಪ್ರಮಾಣಪತ್ರದಲ್ಲಿ ಒಂದು, ವೀಸಾದಲ್ಲಿ ಇನ್ನೊಂದು ಆದರೆ ಓಡಾಟ ತಪ್ಪುವುದಿಲ್ಲ. ಹೆಸರುಗಳ ಪಟ್ಟಿಯಲ್ಲಿ ಹುಡುಕುವಾಗಲೂ ಬರೀ 'ಯು' ಇರುವ ಜಾಗ, 'ಇ' ಸೇರಿದ ಜಾಗ ಎರಡನ್ನೂ ನೋಡಿ. ಟೆಲಿಫೋನ್ ಪುಸ್ತಕದ ಕ್ರಮ ಬೇರೆ, ನಿಘಂಟಿನ ಕ್ರಮ ಬೇರೆ.

ನನ್ನ ಹೆಂಡತಿ ಮುಲ್ಲರ್ ಮನೆತನದವಳು. ಅವರ ವಂಶ ಹುಡುಕಲು ಆಗುತ್ತಾ?

ಆಗುತ್ತದೆ, ಆದರೆ ಹೆಸರನ್ನು ಹಿಡಿದು ಹೊರಡಬೇಡಿ, ಊರನ್ನು ಹಿಡಿಯಿರಿ. ಸಾವಿರಾರು ಗಿರಣಿಗಳಿಂದ ಸಾವಿರಾರು ಮುಲ್ಲರ್ ಮನೆಗಳು ಬೇರೆ ಬೇರೆಯಾಗಿ ಹುಟ್ಟಿವೆ. ಹಾಗಾಗಿ ಇಡೀ ಮನೆತನಕ್ಕೆ ಒಬ್ಬನೇ ಮೂಲಪುರುಷ ಇಲ್ಲ, ಇಡೀ ಮನೆತನದ ಲಾಂಛನವೂ ಇಲ್ಲ. 'ಮುಲ್ಲರ್ ವಂಶದ ಲಾಂಛನ' ಎಂದು ಚೌಕಟ್ಟು ಹಾಕಿ ಮಾರುವುದನ್ನು ಕೊಳ್ಳಬೇಡಿ.

ಮೊದಲು ಮನೆಯ ಹಿರಿಯರನ್ನು ಕೇಳಿ: ಅಜ್ಜ ಯಾವ ಹಳ್ಳಿಯವರು, ಪ್ರಾಟೆಸ್ಟೆಂಟರಾ, ಕ್ಯಾಥೊಲಿಕ್ಕರಾ? 1876ರಿಂದ ಈಚೆಗಿನದ್ದು ಸರ್ಕಾರಿ ನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದ್ದಕ್ಕೆ ಚರ್ಚಿನ ಪುಸ್ತಕಗಳು. ಪ್ರಾಟೆಸ್ಟೆಂಟ್ ಪುಸ್ತಕಗಳು ಬಹಳಷ್ಟು ಆರ್ಕಿಯೋನ್ ಎಂಬ ಜಾಲತಾಣದಲ್ಲಿವೆ, ಕ್ಯಾಥೊಲಿಕ್ಕರವು ಮಾತ್ರಿಕುಲಾ ತಾಣದಲ್ಲಿ. ಮೂವತ್ತು ವರ್ಷದ ಯುದ್ಧದಲ್ಲಿ, ಅಂದರೆ 1618ರಿಂದ 1648ರ ನಡುವೆ, ಎಷ್ಟೋ ಪುಸ್ತಕಗಳು ಸುಟ್ಟುಹೋದವು. ಅದಕ್ಕಿಂತ ಹಿಂದೆ ಹೋಗಲು ಆದರೆ ಅದೃಷ್ಟ.

ಹಳೆಯ ಪುಸ್ತಕಗಳಲ್ಲಿ ಹೆಂಗಸರ ಹೆಸರಿಗೆ 'ಇನ್' ಸೇರುತ್ತಿತ್ತು. ಅನ್ನಾ ಮುಲ್ಲರಿನ್ ಎಂದು ಕಂಡರೆ ಅದು ಬೇರೆ ಮನೆತನ ಅಲ್ಲ, ಮುಲ್ಲರ್ ಮನೆಯ ಹೆಣ್ಣುಮಗಳೇ. ಹುಡುಕುವಾಗ ಈ ರೂಪವನ್ನೂ ಹಾಕಿ ನೋಡಿ.

ಮದುವೆ ಆದ್ಮೇಲೆ ಮುಲ್ಲರ್ ಹೆಸರು ಇಟ್ಟುಕೊಳ್ಳಲೇಬೇಕಾ?

ಬೇಡ. 1900ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯಲ್ಲಿ ಹೆಂಡತಿಗೆ ಗಂಡನ ಹೆಸರೇ ಇತ್ತು. 1976ರ ತಿದ್ದುಪಡಿ ಹೆಂಡತಿಯ ಹೆಸರನ್ನೂ ಕುಟುಂಬದ ಹೆಸರಾಗಿ ಆರಿಸಲು ಬಿಟ್ಟಿತು. 1994ರ ಕಾನೂನು ಇಬ್ಬರೂ ತಮ್ಮ ತಮ್ಮ ಹೆಸರು ಉಳಿಸಿಕೊಳ್ಳಬಹುದು ಎಂದಿತು. 2025ರ ಮೇ 1ರಿಂದ ಗಂಡ ಹೆಂಡತಿ ಇಬ್ಬರೂ ಜೋಡಿ ಹೆಸರು ಇಟ್ಟುಕೊಳ್ಳಬಹುದು, ಮಕ್ಕಳಿಗೂ ಕೊಡಬಹುದು.

ಈಗಲೂ ಮುಲ್ಲರ್ ಅನ್ನೋ ಕಸುಬು ಇದೆಯಾ? ಹಳೇ ಗಿರಣಿ ನೋಡೋಕೆ ಸಿಗುತ್ತಾ?

ಕಸುಬು ಇದೆ, ಮೂರು ವರ್ಷದ ತರಬೇತಿಯೂ ಇದೆ. ಆದರೆ ಸರ್ಕಾರದ ಪಟ್ಟಿಯಲ್ಲಿ ಅದಕ್ಕೀಗ 'ಗಿರಣಿ ಮತ್ತು ಧಾನ್ಯೋದ್ಯಮದ ಪ್ರಕ್ರಿಯಾ ತಂತ್ರಜ್ಞ' ಎಂಬ ಅರ್ಥದ ಉದ್ದದ ಹೆಸರು. ಜನ ಈಗಲೂ ಮುಲ್ಲರ್ ಎಂದೇ ಕರೆಯುತ್ತಾರೆ. ಕಸುಬಿನವರು ಭೇಟಿಯಾದಾಗ 'ಗ್ಲುಕ್ ಟ್ಸು' ಎನ್ನುತ್ತಾರೆ, ಅದು ಗಿರಣಿಯವರದೇ ನಮಸ್ಕಾರ.

ಸಣ್ಣ ಗಿರಣಿಗಳು ಎರಡನೇ ಮಹಾಯುದ್ಧದ ನಂತರ ಬೇಗ ಬೇಗ ಮುಚ್ಚಿದವು, ದೊಡ್ಡ ಕಾರ್ಖಾನೆಗಳ ಎದುರು ನಿಲ್ಲಲು ಆಗಲಿಲ್ಲ. ಉಳಿದ ಹಳೆಯವನ್ನು ಊರಿನ ಆಸಕ್ತರು ಜತನ ಮಾಡಿಕೊಂಡು ಬಂದಿದ್ದಾರೆ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂಟೆಕಾಸ್ಟ್ ಹಬ್ಬದ ಮಾರನೆಯ ಸೋಮವಾರ ಜರ್ಮನ್ ಗಿರಣಿ ದಿನ, 1994ರಿಂದ ನಡೆಯುತ್ತಿದೆ. ಆವತ್ತು ದೇಶದ ಉದ್ದಗಲಕ್ಕೆ ನೂರಾರು ಗಿರಣಿಗಳ ಬಾಗಿಲು ತೆರೆದಿರುತ್ತದೆ. ಹೋದರೆ ಕಲ್ಲಿಗೆ ಕಚ್ಚು ಹಾಕುವುದನ್ನು ತೋರಿಸಿ ಎಂದು ಕೇಳಿ. ಮೇಲಿನ ಕಲ್ಲನ್ನು ತಿರುಗಣೆಯಿಂದ ಎತ್ತಿ, ಮಗುಚಿ ಹಾಕಿ, ಚೂಪು ಸುತ್ತಿಗೆಯಿಂದ ಒಂದೊಂದೇ ಗೆರೆಯನ್ನು ಮತ್ತೆ ಕಡೆಯುತ್ತಾರೆ. ಗೆರೆ ಸವೆದಿದ್ದರೆ ಕಾಳು ಒಡೆಯದೆ ಜಜ್ಜಿ ಹೋಗುತ್ತದೆ, ಹಿಟ್ಟು ಬಿಸಿಯಾಗಿ ಕೆಡುತ್ತದೆ. ಹೊಸದಾಗಿ ಬೀಸಿದ ರೈ ಹಿಟ್ಟನ್ನು ಅಲ್ಲೇ ಚೀಲದಲ್ಲಿ ಮಾರುವ ಗಿರಣಿಗಳೂ ಇವೆ, ಚಿಲ್ಲರೆ ಇಟ್ಟುಕೊಂಡು ಹೋಗಿ.